ಗೋಡೆಯಲ್ಲಿ ಕೂತ ಕಲ್ಲು

ಪಾಲ್ಕಬಾಂಬ
14 ಸೆಪ್ಟೆಂಬರ್ 1998

ಅಪ್ಪಾ,

ತಿಬುರ್ಸಿಯೊ ಉಣ್ಣೆ ಕೊಳ್ಳಲು ಉಚುಮಾರ್ಕದ ಕಡೆ ಹತ್ತುತ್ತಾನಂತೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಜೊತೆಗೆ ಸಕ್ಕರೆಯೂ ಇದೆ. ಪೊಟ್ಟಣ ಅರ್ಧವಾಗಿದ್ದರೆ ಅವನನ್ನೇ ಕೇಳು.

ನಾನು ಚೆನ್ನಾಗಿದ್ದೇನೆ. ಬಸಿಲಿಯಾ ಚಿಕ್ಕಮ್ಮನ ಊಟದಂಗಡಿಯಲ್ಲಿ ಕೆಲಸ, ಅದರ ಅಟ್ಟದ ಮೇಲೆ ನಿದ್ದೆ. ಹಳೆಯ ದಾರಿ ಹತ್ತುವ ಹಮಾಲರೆಲ್ಲ ಬೆಳಗಿನ ಸೂಪು ಕುಡಿಯುವುದು ನಮ್ಮಲ್ಲೇ. ಹೋದ ತಿಂಗಳು ಒಂದು ತಂಡದ ಅಡುಗೆಯವನಿಗೆ ಜ್ವರ ಬಂತು. ಸೌಟು ಹಿಡಿದು ನಾನೇ ಹೊರಟೆ. ನೀನು ಒಲೆ ಮುಂದೆ ಹೇಳುತ್ತಿದ್ದ ದಾರಿಯನ್ನು ಹಾಗೆ ಕೊನೆಗೂ ನನ್ನ ಕಾಲಿನಲ್ಲೇ ಕಂಡೆ.

ಚೆಲುವಾದ ದಾರಿ, ಇಲ್ಲವೆನ್ನುವುದಿಲ್ಲ. ಮೋಡದೊಳಗೆ ಇಳಿದು ಮತ್ತೆ ಮೋಡದಿಂದ ಹತ್ತುತ್ತದೆ. ಕೊಯ್ಯುರ್ಪಾತದ ಪಾಳುಮನೆಗಳಿಗೆ ಈಗ ಚಾವಣಿಯಿಲ್ಲ, ಆದರೆ ಗೋಡೆಯ ಕಲ್ಲುಗಳ ನಡುವೆ ಚಾಕುವಿನ ತುದಿಯೂ ಹೋಗುವುದಿಲ್ಲ. ಗೂಡುಗಳಲ್ಲಿ ಪಾಚಿ ಕೂತಿದೆ. ಇವನ್ನೆಲ್ಲ ನೋಡಿ ಪ್ರವಾಸಿಗಳು ಬಾಯಿಗೆ ಕೈ ಹಚ್ಚಿ ನಿಲ್ಲುತ್ತಾರೆ. ಗೈಡ್ ಅವರಿಗೆ, ಇದನ್ನು ಕಟ್ಟಿದ ಜನ ಹೇಗೆ ಮಾಯವಾದರೋ ಯಾರಿಗೂ ಗೊತ್ತಿಲ್ಲ ಎಂದು ಹೇಳುತ್ತಿದ್ದ. ಅವನ ಬೆನ್ನ ಹಿಂದೆ ಹಿರಿಯ ಹಮಾಲ ಮೆಲ್ಚೋರ್ ತಾತ ಆ ಪ್ರವಾಸಿಗಳ ಊಟದ ಮೇಜನ್ನೂ ಕುರ್ಚಿಗಳನ್ನೂ ಹೊತ್ತು, ಬೆವರು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ ನಿಂತಿದ್ದರು. ಕಡೆಗೆ ನನ್ನತ್ತ ತಿರುಗಿ ಹೇಳಿದರು:

“ಮಾಯವಾದವನ ಮೊಮ್ಮಗ ಬಂದಿದ್ದಾನೆ, ಸ್ವಲ್ಪ ದಾರಿ ಬಿಡ್ಬೇಕಂತೆ ಅಂತ ಹೇಳಮ್ಮ.”

ನಾನು ನಕ್ಕೆ. ಆಮೇಲೆ ನನ್ನ ನಗುವಿನ ಮೇಲೇ ನನಗೆ ಸಿಟ್ಟು ಬಂತು. ರಾತ್ರಿ ಪ್ರವಾಸಿಗಳಿಗೆ ಡೇರೆ, ಹಾಸಿಗೆ. ಹಮಾಲರಿಗೆ ಪಾಳುಗೋಡೆಯ ಬುಡ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಹಿಂದಿನವರ ಮನೆಯಲ್ಲಿ ಮಲಗಿದರೆ ಅವರ ಉಸಿರು ತಾಗಿ ಮೈ ಬಾಡುತ್ತದೆಂದು ವಯಸ್ಸಾದವರು ಗೋಡೆಗೆ ಕೋಕಾ ಎಲೆ ಇಟ್ಟು, ಅಪ್ಪಣೆ ಕೇಳಿ, ನಡುಗುತ್ತಲೇ ಮಲಗುತ್ತಾರೆ. ಕಂಪನಿಯವರು ಮಿಕ್ಕ ಅನ್ನವನ್ನು ಕೊಡುತ್ತಾರೆ. ಮಿಗದಿದ್ದರೆ ಇಲ್ಲ.

ಇದನ್ನೆಲ್ಲ ವಿಧಿ ಎಂದು ಒಪ್ಪಿಕೊಳ್ಳುವುದಕ್ಕೆ ನನ್ನಿಂದ ಆಗುವುದಿಲ್ಲ. ಚಿಕ್ಕಮ್ಮ ಹುರಿದ ಮೀನು ಕಟ್ಟಲು ತರುವ ರದ್ದಿಯಲ್ಲಿ ನನಗೆ ಕೆಲವು ಕರಪತ್ರ ಸಿಕ್ಕಿವೆ. ರೈಲು ಕೆಲಸಗಾರರ ಸಂಘದವು. ಒಂದಕ್ಕೆ ಮೊದಲ ಪುಟವಿಲ್ಲ, ಇನ್ನೊಂದರ ಕೊನೆಯಲ್ಲಿ ಬರೀ ಎಣ್ಣೆ ಕಲೆ. ನಡುವೆ ಉಳಿದಿರುವುದನ್ನು ಬಾಯಿಪಾಠ ಮಾಡಿದ್ದೇನೆ. ಕೇಳದೆ ಕೊಟ್ಟ ಹಕ್ಕು ಎಂಬುದು ಎಲ್ಲೂ ಇಲ್ಲವಂತೆ.

ನಿನ್ನ ಮಗಳು
ಹಸಿಂತಾ


ಉಚುಮಾರ್ಕ
20 ಅಕ್ಟೋಬರ್ 1998

ಮಗಳೇ,

ಸಕ್ಕರೆ ಪೂರ್ತಿ ಬಂತು. ತಿಬುರ್ಸಿಯೊ ಆಣೆ ಇಟ್ಟು ತೋರಿಸಿದ. ಅಷ್ಟು ಆಣೆ ಇಟ್ಟದ್ದರಿಂದ ಇನ್ನೂ ಸ್ವಲ್ಪ ಹೆಚ್ಚೇ ಇದ್ದಿರಬೇಕು.

ಆಲೂಗಡ್ಡೆ ಬಿತ್ತನೆ ಮುಗಿಯಿತು. ನಿನ್ನ ಪಾಲಿನ ಸಾಲುಗಳನ್ನು ಪಕ್ಕದ ಮನೆಯವರು ಮಾಡಿಕೊಟ್ಟರು, ಅವರ ಮನೆಗೆ ಹುಲ್ಲು ಹೊದಿಸುವಾಗ ನಾನು ಹೋಗಬೇಕು. ಕಪ್ಪು ಲಾಮಾ ಮರಿ ಹಾಕಿದೆ. ಮರಿಯೂ ಕಪ್ಪೇ, ಒಂದು ಕಿವಿ ಮಾತ್ರ ಬಿಳಿ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸೈನ್ಯದ ಬ್ಯಾರಕ್ಕಿನಲ್ಲಿ ಕಲಿತ ಅಕ್ಷರ ನನ್ನದು, ನಿಧಾನ. ಅರ್ಥವಾಗದ್ದು ಏನೂ ಇರಲಿಲ್ಲ. ನೀನು ಬರೆದದ್ದು ಸುಳ್ಳೂ ಅಲ್ಲ. ಆದರೆ ಆ ಕಾಗದಗಳನ್ನು ಒಲೆಗೆ ಹಾಕು. ಓದಿ ಆಗಿದೆ, ಬಾಯಿಪಾಠವೂ ಆಗಿದೆ, ಮತ್ತೆ ಇಟ್ಟುಕೊಳ್ಳುವುದು ಯಾಕೆ. ಬಸ್ಸಿನಲ್ಲಿ ಹೋಗುವಾಗಂತೂ ಮೈಮೇಲೆ ಇರಬಾರದು.

ಒಂದು ಮಾತು ಕೇಳಬೇಕು. ವಾಯ್ರಕಾಸ ನೆತ್ತಿ ದಾಟುವಾಗ ಅಲ್ಲಿ ದಾರಿಹೋಕರೆಲ್ಲ ಇಡುವ ಕಲ್ಲಿನ ರಾಶಿಗೆ ನೀನೂ ಕಲ್ಲು ಇಟ್ಟೆಯಾ? ಕೆಳಗಿನಿಂದ ಹೊತ್ತು ತಂದ ಕಲ್ಲೇ ತಾನೆ? ಆ ರಾಶಿಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಒಂದು ಹಸಿರು ಕಲ್ಲಿದೆ, ಹೊಳೆಯ ಕಲ್ಲು, ನುಣುಪು, ನಡುವೆ ಬಿಳಿ ಪಟ್ಟೆ. ಮುಂದಿನ ಸಲ ಹೋದರೆ ಅದು ಅಲ್ಲೇ ಇದೆಯೇ ನೋಡಿ ಬರೆ.

ಚಳಿಗೆ ಎರಡು ಹೊದಿಕೆ ಹೊದ್ದುಕೋ.

ಅಪ್ಪ
ಸೆವೆರಿನೊ


ಪಾಲ್ಕಬಾಂಬ
6 ಡಿಸೆಂಬರ್ 1998

ಅಪ್ಪಾ,

ಒಲೆಗೆ ಹಾಕಲು ಇಲ್ಲಿ ಸೌದೆ ಬೇಕಾದಷ್ಟಿದೆ. ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಟ್ಟಿನ ಮೂಟೆಯ ಕೆಳಗೆ ಇಟ್ಟಿದ್ದೇನೆ. ನೀವೆಲ್ಲ ಕಾಗದ ಕಂಡರೆ ಹಾವು ಕಂಡಂತೆ ಮಾಡುತ್ತೀರಿ. ಆ ಕಾಲ ಮುಗಿಯಿತಪ್ಪ. ಈಗ ಯಾರೂ ಬಸ್ಸು ನಿಲ್ಲಿಸಿ ಜೇಬು ನೋಡುವುದಿಲ್ಲ.

ಇಲ್ಲಿ ಏನಾಯಿತೆಂದು ಕೇಳು. ಹೋದ ವಾರದ ಮಳೆಯಲ್ಲಿ ಗೆರ್ವಾಸಿಯೊ ಎಂಬ ಹಮಾಲ ಕೊಯ್ಯುರ್ಪಾತದ ಕೆಳಗಿನ ಮೆಟ್ಟಿಲಿನಲ್ಲಿ ಜಾರಿದ. ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್, ಅದರ ಮೇಲೆ ಪ್ರವಾಸಿಯೊಬ್ಬಳ ಚೀಲ. ಆ ಚೀಲ ಅವನ ಪಾಲಿನದಲ್ಲ, ಆಕೆಗೆ ಆಯಾಸವಾಯಿತೆಂದು ಹೇರಿದ್ದು. ಸೊಂಟ ಮುರಿದಿದೆ. ಕಂಪನಿಯವರು ಅವನನ್ನು ಹೇಸರಗತ್ತೆಯ ಮೇಲೆ ಕಟ್ಟಿ ಊರಿಗೆ ಕಳಿಸಿದರು. ಅಂಗಡಿಯಲ್ಲಿ ಮೇಸ್ತ್ರಿ ಸೂಪು ಕುಡಿಯುತ್ತಾ, ಸಿಲಿಂಡರಿಗೆ ಏನೂ ಆಗಲಿಲ್ಲ, ಪುಣ್ಯ ಎಂದ. ನಾನು ಅವನ ಬಟ್ಟಲನ್ನು ಅವನು ಕುಡಿಯುತ್ತಿರುವಾಗಲೇ ಎತ್ತಿಕೊಂಡೆ.

ಅಂದಿನಿಂದ ನಾವೊಂದು ಸಮಿತಿ ಮಾಡಿಕೊಂಡಿದ್ದೇವೆ. ಹೆಚ್ಚು ಜನರಿಲ್ಲ, ಆದರೆ ಮೆಲ್ಚೋರ್ ತಾತ ಇದ್ದಾರೆ, ಹಾಗಾಗಿ ಉಳಿದವರೂ ಕಿವಿಗೊಡುತ್ತಾರೆ. ದಾರಿ ಶುರುವಾಗುವಲ್ಲಿ ತಕ್ಕಡಿ ಇಟ್ಟು ಹೊರೆ ತೂಗಬೇಕು. ಮಲಗಲು ಡೇರೆ ಕೊಡಬೇಕು. ಪ್ರವಾಸಿಗಳು ಏನು ತಿನ್ನುತ್ತಾರೋ ಅದನ್ನೇ ಹಮಾಲರಿಗೂ ಹಾಕಬೇಕು. ಇಷ್ಟೇ. ಮಳೆಗೆಂದು ಫೆಬ್ರವರಿಯಲ್ಲಿ ದಾರಿ ಮುಚ್ಚುತ್ತದೆ. ಮಾರ್ಚಿನಲ್ಲಿ ತೆರೆದ ದಿನವೇ ವಾಯ್ರಕಾಸ ನೆತ್ತಿಯಲ್ಲಿ ಅಡ್ಡಗಟ್ಟುತ್ತೇವೆ. ಒಂದೇ ಒಂದು ತಂಡವೂ ದಾಟಬಾರದು.

ಕಲ್ಲಿನ ವಿಷಯ. ಇಟ್ಟೆ. ಕೆಳಗಿನಿಂದ ಹೊತ್ತದ್ದಲ್ಲ, ಅಲ್ಲೇ ಬುಡದಲ್ಲಿ ಬಿದ್ದಿದ್ದ ಒಂದನ್ನು ಎತ್ತಿ ಮೇಲಿಟ್ಟೆ. ಸಾರಿನ ಪಾತ್ರೆಗಳ ಜೊತೆ ಕಲ್ಲನ್ನೂ ಹೊರಬೇಕೇನಪ್ಪ? ನಿನ್ನ ಹಸಿರು ಕಲ್ಲನ್ನು ಹುಡುಕಲಿಲ್ಲ, ಮಂಜು ಕವಿದಿತ್ತು.

ಹಸಿಂತಾ


ಉಚುಮಾರ್ಕ
17 ಜನವರಿ 1999

ಮಗಳೇ,

ಒಣ ಆಲೂಗಡ್ಡೆ ಒಂದು ಚೀಲ ಕಳಿಸಿದ್ದೇನೆ. ಈ ಸಲ ಹಿಮ ಚೆನ್ನಾಗಿ ಬಿದ್ದಿತ್ತು, ಹೆಪ್ಪುಗಟ್ಟಿದ ಗಡ್ಡೆಗಳನ್ನು ನೀರು ಬಸಿಯಲು ತುಳಿದದ್ದೂ ಹದವಾಗಿದೆ. ಅರ್ಧವನ್ನು ಗೆರ್ವಾಸಿಯೊ ಮನೆಗೆ ತಲುಪಿಸು. ಯಾರು ಕೊಟ್ಟರೆಂದು ಹೇಳಬೇಕಾಗಿಲ್ಲ.

ಲಾಮಾ ಮರಿ ನಿಲ್ಲದೆ ಓಡುತ್ತದೆ. ಬೇಲಿ ಹಾರಿ ಹೊಳೆಗೆ ಹೋಗುತ್ತದೆ, ನಾನು ಹಿಂದೆ ಹೋಗುತ್ತೇನೆ. ನಿನ್ನ ಅಣ್ಣನೂ ಹೀಗೇ ಇದ್ದ.

ಬೇಡ ಎಂದು ಬರೆಯಬೇಕೆಂದು ಕೂತೆ. ಬೇಡ ಎಂದರೆ ನೀನು ಕೇಳುವವಳಲ್ಲ. ಕೇಳಿದರೂ ನನಗೆ ಸಂತೋಷವಾಗುತ್ತದೋ ಇಲ್ಲವೋ ತಿಳಿಯದು. ಮುಂದೆ ನಿಲ್ಲಬೇಡ, ಜನರ ನಡುವೆ ನಿಲ್ಲು. ಅಷ್ಟು ಮಾಡು.

ಅಪ್ಪ


ಪಾಲ್ಕಬಾಂಬ
5 ಮಾರ್ಚ್ 1999

ಅಪ್ಪಾ,

ಸೋತೆವು. ಕಂಪನಿಯವರಿಂದ ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮೊದಲ ತಂಡ ಏರುವ ಹಿಂದಿನ ದಿನವೇ ನಾವು ನೆತ್ತಿಯಲ್ಲಿದ್ದೆವು. ದಾರಿಗೆ ಅಡ್ಡ ಗೋಡೆ ಕಟ್ಟಬೇಕಿತ್ತು. ಅಲ್ಲಿರುವುದು ಬರೀ ಹುಲ್ಲು ಮತ್ತು ಜೌಗು. ಕೆಳಗಿನ ಪಾಳುಗೋಡೆಯಿಂದ ಒಂದು ಕಲ್ಲು ಅಲುಗಿಸಿದರೂ ಕಾವಲುಗಾರ ಪೊಲೀಸರನ್ನು ಕರೆಯುತ್ತಾನೆ. ಸತ್ತವರ ಕಲ್ಲಿಗೆ ಕಾವಲಿದೆ, ಬದುಕಿರುವವರ ಸೊಂಟಕ್ಕಿಲ್ಲ ಎಂದು ನಾನು ಹೇಳಿದೆ, ಎಲ್ಲರೂ ನಕ್ಕರು. ಆಗ ಕಣ್ಣಿಗೆ ಬಿದ್ದದ್ದು ನೆತ್ತಿಯ ರಾಶಿ. ಎದೆಯೆತ್ತರಕ್ಕೆ ಸಿದ್ಧ ಕಲ್ಲು, ಅದಕ್ಕೆ ಯಾವ ಕಾವಲೂ ಇಲ್ಲ.

ನಾನು ಮೊದಲ ಕಲ್ಲಿಗೆ ಕೈ ಹಾಕಿದಾಗ ಮೆಲ್ಚೋರ್ ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಅದನ್ನ ಮುಟ್ಬೇಡ ಕಣಮ್ಮ.”

“ಯಾಕೆ ತಾತ, ಕಲ್ಲು ತಾನೇ?”

“ಕಲ್ಲಲ್ಲ, ಸುಸ್ತು. ಹತ್ತಿದೋರೆಲ್ಲ ಇಲ್ಲಿ ಇಳಿಸಿಟ್ಟು ಹೋಗಿರೋ ಸುಸ್ತು. ದುಃಖಾನೂ ಇದೆ ಅದರಲ್ಲಿ. ಕಿತ್ತು ದಾರೀಲಿ ಹಾಕಿದ್ರೆ ಯಾರ ಮೈಗೆ ಅಂಟ್ಕೊಳ್ಳುತ್ತೋ ಏನೋ.”

“ಇಲ್ಲಿ ಇಳಿಸಿಟ್ಟಿದ್ರೆ ನಿಮ್ಮ ಮಂಡಿ ಯಾಕೆ ಹಂಗಾಗಿದೆ?”

ಅವರು ಟೋಪಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ಗೆದ್ದೆ ಎಂದುಕೊಂಡೆ. ಸಮಿತಿಯ ಕಿರಿಯರು ನನ್ನ ಜೊತೆ ಕೈ ಹಾಕಿದರು. ಸಂಜೆಗೆ ಗೋಡೆ ಎದ್ದಿತು, ಒಳ್ಳೆಯ ಗೋಡೆ. ರಾಶಿಯಲ್ಲಿ ನೀನು ಹೇಳಿದ್ದ ಹಸಿರು ಕಲ್ಲೂ ಸಿಕ್ಕಿತು, ಬಿಳಿ ಪಟ್ಟೆಯದು. ಅದನ್ನು ಗೋಡೆಯ ನಟ್ಟನಡುವೆ ಇಟ್ಟೆ. ಅಲ್ಲಿಗೇ ಅಳತೆ ಮಾಡಿ ಕಡೆದಂತೆ ಚೆನ್ನಾಗಿ ಕೂತಿತು.

ಬೆಳಗ್ಗೆ ಹಮಾಲರು ಹೊರೆ ಹೊತ್ತು ಮೇಲೆ ಬಂದರು. ನಾವು ಮೊದಲೇ ಮಾತಾಡಿಕೊಂಡಿದ್ದೆವು, ನೆತ್ತಿಗೆ ಬಂದು ಹೊರೆ ಇಳಿಸಿ ನಮ್ಮ ಜೊತೆ ನಿಲ್ಲುವುದೆಂದು. ಮುಂದಿನವನು ಗೋಡೆ ನೋಡಿದ. ರಾಶಿಯಿದ್ದ ಜಾಗದ ಬೋಳು ನೆಲ ನೋಡಿದ. ಟೋಪಿ ತೆಗೆದ. ಹಿಂದಿನವರೂ ತೆಗೆದರು. ಯಾರೂ ಬೈಯಲಿಲ್ಲ. ಕೋಕಾ ಎಲೆ ತೆಗೆದು ಆ ಬೋಳು ನೆಲದ ಮೇಲಿಟ್ಟು, ಗೋಡೆಗೆ ಬೆನ್ನು ಮಾಡಿ, ಹೊರೆ ಸಮೇತ ಜೌಗಿನೊಳಗೆ ಇಳಿದು ಸುತ್ತು ಹಾಕಿ ದಾಟಿಹೋದರು. ಮೊಣಕಾಲುದ್ದ ಕೆಸರು. ನಮ್ಮ ಗೋಡೆಯ ಹಿಂದೆ ನಿಲ್ಲುವುದಕ್ಕಿಂತ ಅವರಿಗೆ ಆ ಕೆಸರೇ ವಾಸಿಯಾಯಿತು. ಮೆಲ್ಚೋರ್ ತಾತನೂ ಅವರ ಹಿಂದೆ ಹೋದರು.

ಮಧ್ಯಾಹ್ನ ಕಂಪನಿಯ ಆಳುಗಳು ಬಂದು ಗೋಡೆಯನ್ನು ಇಳಿಜಾರಿಗೆ ಉರುಳಿಸಿದರು. ಅವರು ನಮ್ಮನ್ನು ಹೊಡೆಯಲೂ ಇಲ್ಲ. ಹೊಡೆಯುವಷ್ಟು ಜನ ನಾವಲ್ಲಿ ಉಳಿದಿರಲಿಲ್ಲ.

ನಮ್ಮ ಜನ ಯಾಕಪ್ಪ ಹೀಗೆ? ಬೆನ್ನು ಮುರಿದರೂ ಸಹಿಸುತ್ತಾರೆ, ಕಲ್ಲು ಕದಲಿದರೆ ಸಹಿಸುವುದಿಲ್ಲ.

ಹಸಿಂತಾ


ಪಾಲ್ಕಬಾಂಬ
18 ಏಪ್ರಿಲ್ 1999

ಅಪ್ಪಾ,

ತಿಬುರ್ಸಿಯೊ ಕೆಳಗಿಳಿದು ಬಂದ. ನನ್ನ ಪತ್ರವನ್ನು ನೀನು ಅಂಗಳದಲ್ಲಿ ನಿಂತೇ ಓದಿದೆಯಂತೆ. ಆಮೇಲೆ ಹೊಳೆಯ ಕಡೆ ಹೋದೆಯಂತೆ. ಇವನು ಕಾದೂ ಕಾದೂ, ನೀನು ಬಾರದಿದ್ದಾಗ ಉಣ್ಣೆ ತೂಗಿಸಿಕೊಳ್ಳದೆ ಹೊರಟು ಬಂದನಂತೆ.

ಕಾಯಿಲೆಯೇ? ಕೋಪವೇ? ಕೋಪವಾದರೆ ಬೈದಾದರೂ ಬರೆ. ಇಲ್ಲಿ ಮೆಲ್ಚೋರ್ ತಾತ ಅಂಗಡಿಗೆ ಬರುತ್ತಾರೆ, ಸೂಪು ಕುಡಿಯುತ್ತಾರೆ, ಬಟ್ಟಲನ್ನು ಚಿಕ್ಕಮ್ಮನ ಕೈಗೆ ಕೊಡುತ್ತಾರೆ. ನನ್ನ ಕೈಗೆ ಕೊಡುವುದಿಲ್ಲ.

ಹಸಿಂತಾ


ಉಚುಮಾರ್ಕ
9 ಮೇ 1999

ಮಗಳೇ,

ಕಾಯಿಲೆಯಿಲ್ಲ. ಬರೆಯಲು ಇಷ್ಟು ದಿನ ಹಿಡಿಯಿತು.

ನಿನ್ನ ಅಣ್ಣ ಫಾಬಿಯಾನನನ್ನು ಬಸ್ಸಿನಿಂದ ಇಳಿಸಿಕೊಂಡು ಹೋದಾಗ ನೀನು ಕುರಿ ಕಾಯುವಷ್ಟು ದೊಡ್ಡವಳು. ಅವನು ಗಣಿ ಕೆಲಸಕ್ಕೆ ಹೋದನೆಂದು ನಿನಗೆ ಹೇಳಿದೆವು. ನೀನು ದೊಡ್ಡವಳಾದ ಮೇಲೆ ಗಣಿಯಲ್ಲ ಎಂದು ನಿನಗೇ ತಿಳಿಯಿತು, ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಜೇಬಿನಲ್ಲಿದ್ದದ್ದು ಒಂದು ಹಾಳೆ. ಊರಿಗೆ ಶಾಲೆ ಬೇಕು, ಇಂಥ ದಿನ ಸಭೆ, ಎಲ್ಲರೂ ಬನ್ನಿ. ಅಷ್ಟೇ ಅದರಲ್ಲಿದ್ದದ್ದು. ಇಳಿಸಿಕೊಂಡವರು ಸೈನ್ಯದವರೋ ಬಂಡುಕೋರರೋ, ಬಸ್ಸಿನಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನೂ ನಿನ್ನ ಅಮ್ಮನೂ ಎಲ್ಲ ಬಾಗಿಲಿಗೂ ಹೋದೆವು. ಎಲ್ಲ ಬಾಗಿಲಲ್ಲೂ, ಅಂಥವನು ಇಲ್ಲಿಗೆ ಬಂದೇ ಇಲ್ಲ ಎಂದರು. ಮೈ ಸಿಗಲಿಲ್ಲ. ಮೈ ಇಲ್ಲದೆ ಹೂಳುವುದೇನನ್ನು?

ನಿನ್ನ ಅಮ್ಮ ತೀರಿಕೊಂಡ ವರ್ಷ ನಾನು ಹೊಳೆಯಲ್ಲಿ ಅವನು ಈಜು ಕಲಿತ ಮಡುವಿನಿಂದ ಒಂದು ಕಲ್ಲು ತೆಗೆದುಕೊಂಡೆ. ಹಸಿರು, ನಡುವೆ ಬಿಳಿ. ಹಳೆಯ ದಾರಿ ಹಿಡಿದು ವಾಯ್ರಕಾಸಕ್ಕೆ ನಡೆದೆ. ಅಲ್ಲಿಂದ ಎಲ್ಲ ಹಿಮಬೆಟ್ಟಗಳೂ ಕಾಣುತ್ತವೆ, ಅವನೆಲ್ಲೇ ಇದ್ದರೂ ಅವುಗಳಲ್ಲಿ ಯಾವುದೋ ಒಂದರ ಬುಡದಲ್ಲಿ ಇರುತ್ತಾನೆ ಎಂದುಕೊಂಡೆ. ರಾಶಿಯ ಮೇಲೆ ಇಟ್ಟು ಬಂದೆ. ಅವನಿಗೆ ಬೇರೆ ಸಮಾಧಿ ಇಲ್ಲ.

ನಿನಗೆ ಹೇಳದ್ದು ನೀನು ಹೆದರಿ ಬೆಳೆಯಬಾರದೆಂದು. ನೀನು ಹೆದರದೆ ಬೆಳೆದೆ. ಈಗ ಕಾಗದ ಸುಡು ಎನ್ನುವವನು ನಾನೇ.

ಗೋಡೆಯಲ್ಲಿ ‘ಚೆನ್ನಾಗಿ ಕೂತಿತು’ ಎಂದು ಬರೆದಿದ್ದೀಯ. ಆ ಸಾಲನ್ನು ಹೊಳೆಯ ಹತ್ತಿರ ಕೂತು ಎಷ್ಟು ಸಲ ಓದಿದೆನೋ. ಮೊದಲು ನಿನ್ನ ಕೈ ಮುರಿಯಬೇಕು ಎನ್ನಿಸಿತು. ಆಮೇಲೆ, ಅವನನ್ನೇ ಕೇಳಿದ್ದರೆ ಅವನು ರಾಶಿಯಲ್ಲಿ ಸುಮ್ಮನೆ ಬಿದ್ದಿರುತ್ತೇನೆ ಎನ್ನುತ್ತಿದ್ದನೋ, ಗೋಡೆಯ ನಡುವೆ ನಿಲ್ಲುತ್ತೇನೆ ಎನ್ನುತ್ತಿದ್ದನೋ ಎನ್ನಿಸಿತು. ಅದಕ್ಕೆ ಉತ್ತರ ಗೊತ್ತಿದೆ ನನಗೆ. ಅದಕ್ಕೇ ಬರೆಯಲು ತಡವಾಯಿತು.

ಆದರೆ ಮಿಕ್ಕ ಕಲ್ಲುಗಳು ಅವನವಲ್ಲ. ಒಂದೊಂದೂ ಯಾರದೋ. ಕೇಳದೆ ತೆಗೆದೆ ನೀನು. ಅದನ್ನು ನಾನು ಸಣ್ಣದು ಮಾಡಿ ಹೇಳಲಾರೆ.

ಅಪ್ಪ


ಪಾಲ್ಕಬಾಂಬ
2 ಜೂನ್ 1999

ಅಪ್ಪಾ,

ಅಣ್ಣನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಶಿಳ್ಳೆ ನೆನಪಿದೆ. ಕುರಿಗಳು ಅವನ ಶಿಳ್ಳೆಗೆ ಬರುತ್ತಿದ್ದವು, ನನ್ನದಕ್ಕೆ ಬರುತ್ತಿರಲಿಲ್ಲ.

ನಿನ್ನ ಪತ್ರ ಬಂದ ಮರುದಿನ ಚಿಕ್ಕಮ್ಮನನ್ನು ಕೇಳಿ ಒಬ್ಬಳೇ ಮೇಲೆ ಹೋದೆ. ನೆತ್ತಿಯಿಂದ ಇಳಿಜಾರಿನ ಉದ್ದಕ್ಕೂ ಇಳಿದೆ. ಹುಲ್ಲಿನ ಬುಡ, ಜರಿಯ ಬಿರುಕು, ತೊರೆಯ ದಂಡೆ, ಎಲ್ಲ ಕಡೆ ಕೈಯಾಡಿಸಿದೆ. ಹಸಿರು ಕಲ್ಲುಗಳು ಬೇಕಾದಷ್ಟಿವೆ. ಬಿಳಿ ಪಟ್ಟೆಯದು ಸಿಗಲಿಲ್ಲ. ಕತ್ತಲಾಗುವ ಮುಂಚೆ ಒಂದಿಷ್ಟು ಕಲ್ಲುಗಳನ್ನು ಹೊತ್ತು ಹಳೆಯ ಜಾಗದಲ್ಲಿ ಪೇರಿಸತೊಡಗಿದೆ. ಅಷ್ಟರಲ್ಲಿ ಮೆಲ್ಚೋರ್ ತಾತ ತಂಡದ ಜೊತೆ ಬಂದರು. ಹೊರೆ ಇಳಿಸಿ ನನ್ನ ಪಕ್ಕ ಕೂತರು. ಮಾರ್ಚಿನಿಂದೀಚೆಗೆ ಮೊದಲ ಬಾರಿಗೆ.

“ಏನ್ ಮಾಡ್ತಿದ್ದೀಯ?”

“ಮೊದಲಿನ ಹಾಗೆ ಇಡ್ತಿದ್ದೀನಿ.”

“ಅದು ಹಂಗಾಗಲ್ಲ. ನೀನು ಇಟ್ರೆ ಬರೀ ಗುಡ್ಡೆ. ಅವರವರೇ ಹೊತ್ಕೊಂಡು ಬರ್ಬೇಕು, ಅವರವರ ಊರಿಂದ.”

“ಸತ್ತೋದವರ ಕಲ್ಲು?”

“ಅವರ ಮನೆಯೋರು.”

ನಾನು ಅವರಿಗೆ ಫಾಬಿಯಾನನ ವಿಷಯ ಹೇಳಿದೆ. ಅವರು ನಾನು ಪೇರಿಸಿದ್ದ ಕಲ್ಲೊಂದನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ, ಆ ಗೋಡೆಯಲ್ಲಿ ತಮ್ಮ ಹೆಂಡತಿಯ ಕಲ್ಲೂ ಇತ್ತು ಎಂದರು. ಅಂದು ನೆತ್ತಿಯಲ್ಲಿ ಅದನ್ನು ಹೇಳಿದ್ದರೆ ನಾನು ನಿಲ್ಲಿಸುತ್ತಿದ್ದೆನೋ ಇಲ್ಲವೋ, ನನಗೇ ಧೈರ್ಯವಾಗಿ ಹೇಳಲು ಆಗುತ್ತಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ಬೆಳಗ್ಗೆ ಸೂಪು ಬಡಿಸುವಾಗ ಒಬ್ಬೊಬ್ಬರನ್ನೂ ಕೇಳಿದೆ: ನಿಮ್ಮದೂ ಅದರಲ್ಲಿತ್ತಾ? ಯಾರದು? ಕರಪತ್ರದ ಮಾತು ಎತ್ತಲೇ ಇಲ್ಲ. ಒಬ್ಬರ ಮಗು, ಒಬ್ಬರ ತಾಯಿ, ಒಬ್ಬನಿಗೆ ಮಂಡಿನೋವು ಮಾತ್ರ. ಫಾಬಿಯಾನನ ಹಾಗೆ ಬಸ್ಸಿನಿಂದ, ಮನೆಯಿಂದ, ಹೊಲದಿಂದ ಹೋದವರು ಎಷ್ಟೊಂದು ಜನ ಅಪ್ಪ. ಅವರಿಗೆಲ್ಲ ಅದೊಂದೇ ಜಾಗವಿತ್ತು. ಇಷ್ಟು ತಿಂಗಳು ದಿನಾ ಇವರಿಗೆ ಸೂಪು ಹಾಕಿದ್ದೇನೆ, ಇದನ್ನು ಕೇಳಿರಲಿಲ್ಲ.

ರಾಶಿಯನ್ನು ಮತ್ತೆ ಎಬ್ಬಿಸಬೇಕೆಂದು ಅವರೇ ತೀರ್ಮಾನಿಸಿದರು. ದಿನವನ್ನು ಮಾತ್ರ ನಾನು ಹೇಳಿದೆ. ಜೂನ್ ಕೊನೆಯ ಭಾನುವಾರ, ಹಬ್ಬ ಮುಗಿಸಿ ಪ್ರವಾಸಿಗಳು ಸಾಲುಗಟ್ಟಿ ಬರುವ ದಿನ. ಆ ದಿನ ಕಲ್ಲು ಹೊರಬೇಕು, ಬೇರೇನೂ ಹೊರಬಾರದು ಎಂದೆ. ಮೆಲ್ಚೋರ್ ತಾತ ಬಟ್ಟಲು ಕೆಳಗಿಟ್ಟು, “ನಿಜವೇ, ಹೆಂಡ್ತಿ ಕಲ್ಲಿನ ಮೇಲೆ ಅವರ ಕುರ್ಚಿ ಹೇರ್ಕೊಂಡು ಹೋಗೋಕಾಗುತ್ತಾ” ಎಂದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

ಆ ಮಡುವಿನಿಂದ ಒಂದು ಕಲ್ಲು ತಿಬುರ್ಸಿಯೊ ಕೈಯಲ್ಲಿ ಕಳಿಸಿಕೊಡು. ನಾನು ಹೊತ್ತುಕೊಂಡು ಹೋಗುತ್ತೇನೆ.

ಹಸಿಂತಾ


ಉಚುಮಾರ್ಕ
11 ಜೂನ್ 1999

ಮಗಳೇ,

ಕಳಿಸುವುದಿಲ್ಲ. ತಿಬುರ್ಸಿಯೊ ಕೈಗೆ ಸಕ್ಕರೆ ಕೊಡಬಹುದು, ಇದನ್ನು ಕೊಡಲಾಗದು. ನೀನೇ ಬಾ. ಈ ತಿಂಗಳು ಹೊಳೆಯಲ್ಲಿ ನೀರು ಕಡಿಮೆ, ಮಡುವಿನ ತಳ ಕಾಣುತ್ತದೆ. ಯಾವುದು ಎಂದು ನೀನೇ ಆರಿಸು.

ಕಳೆದುಹೋದದ್ದಕ್ಕೆ ಚಿಂತೆ ಮಾಡಬೇಡ. ಇಳಿಜಾರಿನಲ್ಲಿ ಎಲ್ಲೋ ಇರುತ್ತದೆ. ಅವನು ಒಂದು ಕಡೆ ಕೂರುವವನಾಗಿದ್ದರೆ ತಾನೆ.

ಇಲ್ಲಿಂದ ಹಳೆಯ ದಾರಿಯಲ್ಲೇ ಹೋಗೋಣ. ನನ್ನ ಮಂಡಿ ಮೆಲ್ಚೋರನ ಮಂಡಿಗಿಂತ ಚೆನ್ನಾಗಿದೆ ಎಂದು ಅವನಿಗೆ ಹೇಳಿರು. ನಾನೂ ಒಂದು ಹೊರಬೇಕು, ನಿನ್ನ ಅಮ್ಮನಿಗೆ ಇನ್ನೂ ಇಟ್ಟಿಲ್ಲ.

ಬರುವಾಗ ನಿನ್ನ ಆ ಕಾಗದಗಳಲ್ಲಿ ಒಂದನ್ನು ತಾ. ಎಣ್ಣೆ ಕಲೆ ಇಲ್ಲದ್ದು.

ಅಪ್ಪ


ಪಾಲ್ಕಬಾಂಬ
21 ಜುಲೈ 1999

ಅಪ್ಪಾ,

ಮನೆ ಮುಟ್ಟಿದೆಯೆಂದು ತಿಬುರ್ಸಿಯೊ ಹೇಳಿದ. ಕಾಲು ಊದಿದೆಯೆಂದೂ ಹೇಳಿದ. ನೀನು ಅದನ್ನು ಬರೆಯುವುದಿಲ್ಲವೆಂದು ಗೊತ್ತು, ಅದಕ್ಕೇ ಅವನನ್ನು ಕೇಳಿದ್ದು.

ನೀನು ನನ್ನ ಜೊತೆಯಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ಫಾಬಿಯಾನನ ಬಗ್ಗೆ ಯಾವ ಕಚೇರಿಯಲ್ಲೂ ಒಂದು ಸಾಲಿಲ್ಲ. ಇದಾದರೂ ಕಾಗದದ ಮೇಲೆ ಇರಲಿ.

ನಾವಿಬ್ಬರೂ ನಡೆದೆವು. ಪಾಳುಬಿದ್ದ ಕಾವಲುಕಟ್ಟೆಯ ಹತ್ತಿರ ರಾತ್ರಿಯಾದಾಗ ನೀನು ಒಳಗೆ ಮಲಗಲು ಒಪ್ಪಲಿಲ್ಲ. ಹಿಂದಿನವರ ಮನೆ ಎಂದೆ. ಗೋಡೆ ಬೀಸುಗಾಳಿ ತಡೆಯುತ್ತದೆ ಎಂದು ನಾನು ವಾದ ಹೂಡಿದೆ. ಕಡೆಗೆ ನಾನೇ ಗೂಡಿನಲ್ಲಿ ಕೋಕಾ ಎಲೆ ಇಟ್ಟು ಅಪ್ಪಣೆ ಕೇಳಿದೆ. ನೀನು ನಗುತ್ತೀಯೆಂದು ತಿರುಗಿ ನೋಡಿದರೆ ನೀನಾಗಲೇ ಒಳಗೆ ಬಂದು ಹೊದಿಕೆ ಹಾಸುತ್ತಿದ್ದೆ. ದಾರಿಯಲ್ಲೆಲ್ಲ ನನ್ನ ಬೆನ್ನಿಗೆ ಆ ಕಲ್ಲು ಒತ್ತುತ್ತಿತ್ತು. ಮಡುವಿನಲ್ಲಿ ಚಿಕ್ಕದೊಂದು ಇತ್ತು, ನಾನು ದೊಡ್ಡದನ್ನೇ ಆರಿಸಿದೆ. ಬಿಳಿ ಪಟ್ಟೆ ಇಲ್ಲದ್ದು. ಅದೇ ಅವನೆಂದು ನಟಿಸಲು ಮನಸ್ಸಾಗಲಿಲ್ಲ.

ನೆತ್ತಿಯಲ್ಲಿ ಜನ ಸೇರುತ್ತಲೇ ಇದ್ದರು. ಕೆಳಗೆ ದಾರಿ ಶುರುವಾಗುವಲ್ಲಿ ಮೇಜು, ಕುರ್ಚಿ, ಸಿಲಿಂಡರ್, ಡೇರೆ ಎಲ್ಲ ಸಾಲಾಗಿ ಬಿದ್ದಿದ್ದವಂತೆ, ಅವುಗಳ ಪಕ್ಕ ಪ್ರವಾಸಿಗಳು ನಿಂತಿದ್ದರಂತೆ. ಮೇಸ್ತ್ರಿ ಹಮಾಲರ ಹಿಂದೆಯೇ ಕೂಗುತ್ತಾ ಓಡಿಬಂದನಂತೆ. ಪ್ರತಿಯೊಬ್ಬರೂ ಕೈಯಲ್ಲಿನ ಕಲ್ಲು ತೋರಿಸಿ ಯಾರದೆಂದು ಹೆಸರು ಹೇಳುತ್ತಾ ಮುಂದೆ ಹೋದರಂತೆ. ಅಷ್ಟು ಹೆಸರು ಕೇಳಿದ ಮೇಲೆ ಅವನು ಕೂಗುವುದನ್ನು ಬಿಟ್ಟನಂತೆ. ಗೆರ್ವಾಸಿಯೊ ಹೇಸರಗತ್ತೆಯ ಮೇಲೆ ಬಂದಿದ್ದ. ಅವನ ಸೊಂಟಕ್ಕೆಂದು ಅವನೇ ಒಂದು ಕಲ್ಲು ಇಟ್ಟ.

ನೀನು ಅಮ್ಮನದನ್ನು ಇಟ್ಟೆ. ನಾನು ಫಾಬಿಯಾನನದನ್ನು ಇಟ್ಟೆ. ಆಮೇಲೆ ನೀನು ಕೈಚಾಚಿದೆ.

“ಆ ಕಾಗದ ಓದು.”

“ಇಲ್ಲೇನಪ್ಪ? ಎಲ್ಲರ ಮುಂದೆ?”

“ಗಟ್ಟಿಯಾಗಿ ಓದು. ನಿನ್ನಣ್ಣನ ಜೇಬಿಂದ ಅವನ ಹಾಳೆ ಕಿತ್ಕೊಂಡಾಗ ಅವನಿನ್ನೂ ಅದನ್ನ ಯಾರಿಗೂ ಓದಿ ಹೇಳಿರ್ಲಿಲ್ಲ.”

ಓದಿದೆ. ಮೊದಲ ಪುಟವಿಲ್ಲದ್ದು, ಹಾಗಾಗಿ ನಡುವಿನಿಂದಲೇ ಶುರುವಾಯಿತು. ಓದಿ ಮುಗಿದ ಮೇಲೆ ನೀನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಅವನ ಕಲ್ಲನ್ನು ಒಂದಿಷ್ಟು ಎತ್ತಿ ಅದರಡಿಗೆ ಸೇರಿಸಿದೆ. ಗಾಳಿಗೆ ಹೋಗದಂತೆ ಒತ್ತಿ ನೋಡಿದೆ.

ಈಗ ಇಲ್ಲಿನ ಸುದ್ದಿ. ದಾರಿ ಶುರುವಾಗುವಲ್ಲಿ ತಕ್ಕಡಿ ನೇತುಹಾಕಿದ್ದಾರೆ. ಡೇರೆ ಇನ್ನೂ ಕೊಟ್ಟಿಲ್ಲ, ಕೇಳಿದರೆ ನೋಡೋಣ ಎನ್ನುತ್ತಾರೆ. ಊಟದ ಮಾತು ಎತ್ತಿದರೆ ಕಿವಿ ಕೇಳುವುದಿಲ್ಲ. ಆಗಸ್ಟಿನಲ್ಲಿ ಮತ್ತೆ ಕೂರುತ್ತೇವೆ. ಈ ಸಲ ಅಂಗಡಿಯಲ್ಲಿ ಕೂರಲು ಜಾಗ ಸಾಲದು, ಚಿಕ್ಕಮ್ಮ ಈಗಲೇ ಗೊಣಗುತ್ತಿದ್ದಾಳೆ.

ಹೋದ ವಾರ ಮತ್ತೆ ಅಡುಗೆಗೆ ಹೋಗಿದ್ದೆ. ನೆತ್ತಿಯಲ್ಲಿ ಅದೇ ಗೈಡ್ ಹೊಸ ತಂಡವನ್ನು ನಿಲ್ಲಿಸಿ, ರಾಶಿಯನ್ನು ತೋರಿಸಿ, ಇದು ಬಹಳ ಹಿಂದಿನದು, ಇದನ್ನು ಕಟ್ಟಿದ ಜನ ಈಗಿಲ್ಲ ಎಂದ. ಹೋದ ತಿಂಗಳ ಕೊನೆಯ ಭಾನುವಾರದ ಕಲ್ಲುಗಳು, ಇನ್ನೂ ಒಂದಕ್ಕೂ ಪಾಚಿ ಹತ್ತಿಲ್ಲ. ನಾನು ಬಾಯಿ ತೆರೆದೆ. ಮೆಲ್ಚೋರ್ ತಾತ ನನ್ನ ತೋಳು ಮುಟ್ಟಿ ತಡೆದರು. ಅವರ ಬೆನ್ನ ಮೇಲೆ ತೂಗಿ ಕೊಟ್ಟ ಹೊರೆ ಮಾತ್ರ ಇತ್ತು. ಕೈ ಬಿಡುವಿತ್ತು. ಬೆವರು ಒರೆಸಿಕೊಂಡು ಅವರೇ ಗೈಡಿಗೆ ಹೇಳಿದರು:

“ಇದ್ದೀವಿ ಅಂತ ಹೇಳಪ್ಪ ಅವರಿಗೆ.”

ಅವನು ಹೇಳಿದನೋ ಇಲ್ಲವೋ, ಗಾಳಿಯಲ್ಲಿ ನನಗೆ ಕೇಳಿಸಲಿಲ್ಲ. ಆದರೆ ಅವರೆಲ್ಲ ತಿರುಗಿ ನಮ್ಮನ್ನು ನೋಡಿದರು.

ಅಣ್ಣನಿಗಿಟ್ಟ ಆ ಕಾಗದ ಮಂಜು ಬಿದ್ದು ನೆನೆದಿದೆ. ಅಕ್ಷರ ಅಳಿಸುತ್ತಿದೆ. ಕಲ್ಲಿನಡಿಯಿಂದ ಒಂದು ಮೂಲೆ ಮಾತ್ರ ಹೊರಗೆ ಕಾಣುತ್ತದೆ, ಗಾಳಿ ಬೀಸಿದಾಗ ಅಲುಗುತ್ತದೆ, ಬಿಟ್ಟುಹೋಗುವುದಿಲ್ಲ.

ಕಾಲಿಗೆ ಬಿಸಿನೀರು ಹಾಕು.

ನಿನ್ನ ಮಗಳು, ಫಾಬಿಯಾನನ ತಂಗಿ
ಹಸಿಂತಾ